ಕಂಪ್ಯೂಟರಿನ ಒಡಕು ದನಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯ ಮನೆಗಳಲ್ಲಿ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳು ಪೆಟ್ಟಿಗೆಯ ತಳದಲ್ಲಿ ಉಳಿದಿರುವುದುಂಟು. ಟೇಪು ಹಾಳಾಗುವ ಮುನ್ನ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕೆಂದು ಹೊರಟ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ಮುಗಿದುದರಿಂದ ಅವನು ತನ್ನ ಹಳೆಯ ಯಂತ್ರಕ್ಕೆ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದ್ದಾನೆ. ಮರುದಿನ ಕೇಳಿದರೆ ಚೆಂಡೆಯ ಪೆಟ್ಟು ತಗಡಿನ ಮೇಲೆ ಕಲ್ಲು ಬಿದ್ದಂತಿದೆ! ಯಂತ್ರವೇ ಕೆಟ್ಟಿತೆಂದು ಅವನಿಗೆ ತೋರುವುದು ಸಹಜ. ಆದರೆ ದೋಷವು ಯಾವುದೆಂಬುದನ್ನು ಬಹುಮಟ್ಟಿಗೆ ಕಿವಿಯಿಂದಲೇ ಗುರುತಿಸಬಹುದು.

ಕಂಪ್ಯೂಟರಿನೊಳಗೆ ಧ್ವನಿಯೆಂಬುದು ಅಂಕಿಗಳ ಸಾಲು. ತರಂಗದ ಎತ್ತರವನ್ನು ಸೆಕೆಂಡಿಗೆ ೪೪,೧೦೦ ಅಥವಾ ೪೮,೦೦೦ ಸಲ ಅಳೆದು ಬರೆದಿಡಲಾಗುತ್ತದೆ. ಈ ಅಂಕಿಗಳನ್ನು ಧ್ವನಿಯ ಚಿಪ್ಪಿಗೆ ಮುಟ್ಟಿಸುವುದು ಡ್ರೈವರ್ ಎಂಬ ತಂತ್ರಾಂಶದ ಕೆಲಸ. ಲಿನಕ್ಸಿನಲ್ಲಿ ಈ ಡ್ರೈವರುಗಳು ಆಲ್ಸಾ ಎಂಬ ಸಮೂಹಕ್ಕೆ ಸೇರಿದವು. ಅವುಗಳ ಮೇಲೆ, ಹಲವು ಕಾರ್ಯಕ್ರಮಗಳ ಧ್ವನಿಯನ್ನು ಒಂದುಗೂಡಿಸುವ ಪೈಪ್‌ವೈರ್ ಇಂದಿನ ಉಬುಂಟುವಿನಲ್ಲಿ ಇರುತ್ತದೆ. ಚಿಪ್ಪು ಅದೇ, ನಡೆಸುವ ಕೈ ಮಾತ್ರ ಬೇರೆ.

ಎಡೆಬಿಡದೆ ಚಟಚಟ ಸದ್ದು ಬರುತ್ತಿದೆಯೆನ್ನೋಣ. ಅಂಕಿಗಳು ಚಿಪ್ಪನ್ನು ಸೇರುವ ಮುನ್ನ ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ನಿಲ್ಲುತ್ತವೆ. ೧,೦೨೪ ಅಂಕಿಗಳ ಬಫರು ಬರಿದಾಗಲು ಸುಮಾರು ೨೧ ಮಿಲಿಸೆಕೆಂಡು ಸಾಕು. ಅಷ್ಟರೊಳಗೆ ಮರಳಿ ತುಂಬದಿದ್ದರೆ, ಟಾಂಕಿ ಬರಿದಾದಾಗ ಅಡಕೆತೋಟದ ಸ್ಪ್ರಿಂಕ್ಲರು ಗಾಳಿ ಕಾರುವಂತೆ ಧ್ವನಿಯು ತುಂಡುತುಂಡಾಗುತ್ತದೆ. ಪೈಪ್‌ವೈರಿನಲ್ಲಿ ಕ್ವಾಂಟಮ್ ಎಂದು ಕರೆಯುವ ಅಳತೆಯನ್ನು ೨,೦೪೮ಕ್ಕೆ ಏರಿಸಿ ನೋಡಬೇಕು. ಹಾಡು ಆರಂಭವಾಗುವಾಗ ಒಮ್ಮೆ ಮಾತ್ರ ‘ಟಪ್’ ಎಂದರೆ, ವಿದ್ಯುತ್ತಿನ ಉಳಿತಾಯಕ್ಕಾಗಿ ನಿದ್ರಿಸಿದ್ದ ಚಿಪ್ಪು ಎಚ್ಚತ್ತಿತೆಂದು ತಿಳಿಯಬಹುದು; ಡ್ರೈವರಿನ ಆ ಉಳಿತಾಯವನ್ನು ಸೊನ್ನೆಗೆ ಇಟ್ಟರೆ ನಿಲ್ಲುತ್ತದೆ. ಇನ್ನು ಗುಂಯ್ ಎಂಬ ಮಂದ್ರನಾದವೇನಾದರೂ ಇದ್ದರೆ ಚಾರ್ಜರನ್ನು ಕಿತ್ತು ಕೇಳಿರಿ. ಆಗ ಅದು ಅಡಗಿದರೆ, ಮನೆಯ ೫೦ ಹರ್ಟ್ಸ್ ವಿದ್ಯುತ್ತು ತಂತಿಯ ಮೂಲಕ ನುಸುಳಿದೆಯೆನ್ನಬೇಕು. ಪಾಪ, ಹೊಸ ವ್ಯವಸ್ಥೆಯ ತಪ್ಪೇನೂ ಇಲ್ಲ.

ಮೇಲೆ ಹೇಳಿದ ಮೂರೂ ಕೇಳುವಾಗಿನ ದೋಷಗಳು. ಕಡತಕ್ಕೆ ಅವುಗಳಿಂದ ಹಾನಿಯಿಲ್ಲ. ನಾವು ನಿಜವಾಗಿ ಅಂಜಬೇಕಾದುದು ಮುದ್ರಣದಲ್ಲಿಯೇ ಸೇರುವ ದೋಷಕ್ಕೆ. ೧೬ ಬಿಟ್ಟಿನ ಮುದ್ರಣದಲ್ಲಿ ಅಂಕಿಯು ೩೨,೭೬೭ನ್ನು ಮೀರಲಾರದು. ಅದಕ್ಕಿಂತ ಎತ್ತರದ ಅಲೆಯ ನೆತ್ತಿಯು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಭಾಗವತರ ಆಲಾಪನೆ ಚೆನ್ನಾಗಿಯೇ ಇದ್ದು, ಚೆಂಡೆಯ ಬಿಡ್ತಿಗೆಯಲ್ಲಿ ಮಾತ್ರ ದನಿಯೊಡೆದರೆ ಇದೇ ಕಾರಣವೆಂದು ಶಂಕಿಸಬೇಕು. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಬರುವ ಸಂಕೇತವು ಮೈಕಿನದಕ್ಕಿಂತ ಬಹಳ ಪ್ರಬಲ. ಹೊಸ ವ್ಯವಸ್ಥೆಯು ಮೈಕಿನ ವರ್ಧನೆಯನ್ನು ತಾನಾಗಿ ೨೦ ಡೆಸಿಬೆಲ್ಲಿಗೆ ಇಟ್ಟಿದ್ದರೆ ವೋಲ್ಟೇಜು ಇನ್ನೂ ೧೦ ಪಟ್ಟಾಗುತ್ತದೆ. ಕತ್ತರಿಸಿಹೋದ ನೆತ್ತಿಯ ಅಳತೆ ಕಡತದಲ್ಲಿ ಎಲ್ಲಿಯೂ ಇರುವುದಿಲ್ಲ. ಆಮೇಲೆ ಧ್ವನಿಯನ್ನು ತಗ್ಗಿಸಿದರೆ ಒಡಕು ದನಿಯೇ ಮೆಲ್ಲಗೆ ಕೇಳಿಸೀತು, ಅಷ್ಟೆ. ಕೇಳುವಾಗಲೂ ಧ್ವನಿಮಟ್ಟವನ್ನು ನೂರಕ್ಕೆ ನೂರನ್ನು ಮೀರಿಸಿದರೆ ಹೀಗೆಯೇ ಆಗುವುದುಂಟು. ಆದರೆ ಅಲ್ಲಿ ತಗ್ಗಿಸಿದೊಡನೆ ಸರಿಹೋಗುತ್ತದೆ.

ಆದುದರಿಂದ ಕ್ಯಾಸೆಟ್ಟಿನಲ್ಲಿ ಚೆಂಡೆಯು ಅತಿ ಜೋರಾಗಿರುವ ಒಂದು ನಿಮಿಷವನ್ನು ಮೊದಲು ಮುದ್ರಿಸಿ, ಅತ್ಯುನ್ನತ ಮಟ್ಟವು ಮಿತಿಗಿಂತ ೬ ಡೆಸಿಬೆಲ್ ಕೆಳಗೆ ನಿಲ್ಲುವಂತೆ ವರ್ಧನೆಯನ್ನು ಇಳಿಸಿಕೊಳ್ಳಬೇಕು. ಅನಂತರವೇ ಇಡೀ ಪ್ರಸಂಗ. ಹಳೆಯ ಟೇಪು ಎರಡನೆಯ ಬಾರಿ ತಿರುಗುವಾಗ ಸಿಕ್ಕಿಕೊಂಡು ತುಂಡಾಗಲೂಬಹುದು.