ಮಾಕ್ ಟೆಸ್ಟ್ ಮಧ್ಯಾಹ್ನ ಎರಡಕ್ಕೇ ಇರಲಿ

ನೀಟ್‌ಗೆ ಎರಡನೇ ಸಲ ಕೂರುವವರಿಗೆ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: ಇನ್ನಷ್ಟು ಓದು. ಮೊದಲ ಸಲವೂ ನಾನು ಓದಿದ್ದು ಕಡಿಮೆಯೇನಲ್ಲ. ಕೋಚಿಂಗ್‌ನ ಟೆಸ್ಟ್‌ಗಳಲ್ಲಿ ಮೇಲಿನ ಸಾಲಿನಲ್ಲೇ ಹೆಸರಿರುತ್ತಿತ್ತು. ಆದರೆ ಅವು ನಡೆಯುತ್ತಿದ್ದದ್ದು ಬೆಳಿಗ್ಗೆ ಏಳಕ್ಕೆ, ಎಸಿ ಹಾಲ್‌ನಲ್ಲಿ, ಟ್ಯಾಬ್ ಮೇಲೆ. "ಮುಂಜಾನಿ ತಲಿ ಫ್ರೆಶ್ ಇರ್ತದ" ಅನ್ನುತ್ತಿದ್ದರು ಅಲ್ಲಿನ ಸರ್. ನೀಟ್ ಶುರುವಾಗುವುದು ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ. ಕಲಬುರಗಿಯಲ್ಲಿ ಮೇ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

2024ರ ಮೇ 5, ನನ್ನ ಮೊದಲ ನೀಟ್. ಸಸ್ಯಶಾಸ್ತ್ರದ ಉತ್ತರಗಳನ್ನು ಒಎಂಆರ್‌ನಲ್ಲಿ ತುಂಬುತ್ತಿದ್ದೆ. ಗೊತ್ತಿಲ್ಲದ ಒಂದು ಪ್ರಶ್ನೆ ಬಿಟ್ಟು ಮುಂದಕ್ಕೆ ಹೋಗುವಷ್ಟರಲ್ಲಿ ಮೇಲ್ವಿಚಾರಕರು ಹಾಜರಿ ಹಾಳೆಯನ್ನು ತಂದು ನನ್ನ ಒಎಂಆರ್ ಮೇಲೆಯೇ ಇಟ್ಟರು. "ಸರ್, ಒಂದ್ ನಿಮಿಷ" ಅಂದೆ. "ಮೊದಲ ಸಹಿ ಮಾಡವಾ, ಇನ್ನಾ ಎಲ್ಲಾರದೂ ಆಗಬೇಕು." ಸಹಿ ಆಯಿತು, ಎಡಗೈ ಹೆಬ್ಬೆಟ್ಟೂ ಆಯಿತು. ಶಾಯಿ ಒರೆಸಿಕೊಳ್ಳಲು ಒಂದು ಚೂರು ಕಾಗದವಿಲ್ಲ. ದುಪಟ್ಟಾ ಹೊರಗೇ ತೆಗೆಸಿದ್ದರು. ಬೆರಳನ್ನು ಮೇಲೆತ್ತಿಕೊಂಡೇ ಮತ್ತೆ ಪೆನ್ ಹಿಡಿದೆ. ಬಿಟ್ಟ ಪ್ರಶ್ನೆಯ ಸಾಲಿಗೇ ಮುಂದಿನದರ ಉತ್ತರ ಬಿತ್ತು. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಮನೆ ಮೇಲೆ. ಗೊತ್ತಾದದ್ದು ಭಾಗದ ಕೊನೆಗೆ ಒಂದು ಸಾಲು ಖಾಲಿ ಉಳಿದಾಗ. ಬಾಲ್‌ಪೆನ್ನಿನ ಗುರುತು ಅಳಿಸುವ ಹಾಗಿಲ್ಲ. ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆಯುತ್ತಾರೆ. ಗೊತ್ತಿದ್ದ ಉತ್ತರಕ್ಕೇ ಐದೈದು ಅಂಕ ಹೋದಂತೆ. ಪ್ರಾಣಿಶಾಸ್ತ್ರದ ಪ್ರಶ್ನೆಗಳು ಓದಿದರೂ ತಲೆಗಿಳಿಯಲಿಲ್ಲ. ವಾಚ್ ಕಟ್ಟುವಂತಿಲ್ಲ, ಗೋಡೆ ಗಡಿಯಾರ ನನ್ನ ಬೆನ್ನ ಹಿಂದೆ. ಆ ಮೇಲ್ವಿಚಾರಕರು ಹತ್ತು ಸೆಕೆಂಡ್ ತಡೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಆ ಸಲ ಸೀಟು ಸಿಗಲಿಲ್ಲ. "ಡಿಗ್ರಿಗೆ ಹಚ್ಚರಿ, ಹೆಣ್ಣುಡುಗಿಗೆ ಇನ್ನೊಂದ್ ವರ್ಷ ಯಾಕ?" ಅಂದರು ಕಾಕಾ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಟೆಸ್ಟ್‌ಗಳನ್ನು ನಾನೇ ಇಟ್ಟುಕೊಂಡೆ. ಭಾನುವಾರ ಮಧ್ಯಾಹ್ನ ಎರಡಕ್ಕೆ, ಮಾಳಿಗೆಯ ತಗಡಿನ ಕೋಣೆಯಲ್ಲಿ, ಫ್ಯಾನ್ ಇಲ್ಲದೆ. ಒಎಂಆರ್ ಮಾದರಿ ಝೆರಾಕ್ಸ್ ಮಾಡಿಸಿ, ಅಗ್ಗದ ಕಪ್ಪು ಬಾಲ್‌ಪೆನ್ನಲ್ಲಿ ತುಂಬಿದೆ, ಏಕೆಂದರೆ ಸೆಂಟರ್‌ನಲ್ಲಿ ಅವರು ಕೊಟ್ಟ ಪೆನ್ನಲ್ಲೇ ಬರೆಯಬೇಕು. ರಫ್ ಲೆಕ್ಕ ಪ್ರಶ್ನೆಪತ್ರಿಕೆಯಲ್ಲೇ. ಒಂದು ಪುಟ ಮುಗಿದರೆ ಅದರ ಉತ್ತರಗಳನ್ನು ತುಂಬಿಯೇ ಮುಂದಕ್ಕೆ. ನನ್ನ ತಮ್ಮ ಮನಸ್ಸು ಬಂದಾಗ ಬಂದು ಹಾಳೆಯ ಮೇಲೆ ರಿಜಿಸ್ಟರ್ ಇಟ್ಟು "ಸಹಿ ಮಾಡವಾ" ಅನ್ನಬೇಕು. ಈ ಕೆಲಸ ಅವನಿಗೆ ಅತಿಯಾಗಿ ರುಚಿಸಿತು.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವವರು ಎಚ್ಚರ. 2022ರಿಂದ 2024ರವರೆಗೆ 200 ಪ್ರಶ್ನೆಗಳಲ್ಲಿ 180ಕ್ಕೆ ಉತ್ತರಿಸಲು 200 ನಿಮಿಷ ಕೊಡುತ್ತಿದ್ದರು. 2025ರಲ್ಲಿ ಆಯ್ಕೆ ತೆಗೆದು 180 ಪ್ರಶ್ನೆಗೆ 180 ನಿಮಿಷ ಮಾಡಿದರು. ಹಳೆಯ ಲೆಕ್ಕದಲ್ಲಿ ಅಭ್ಯಾಸ ಮಾಡಿದರೆ ಇಪ್ಪತ್ತು ನಿಮಿಷ ಸಾಲದೇ ಬರುತ್ತದೆ.

2025ರ ಭೌತಶಾಸ್ತ್ರ ಎಲ್ಲರನ್ನೂ ಹಣ್ಣು ಮಾಡಿತು. ನನ್ನ ಅಂಕ ಹೆಚ್ಚೇನೂ ಏರಲಿಲ್ಲ, ರ್‍ಯಾಂಕ್ ಏರಿತು, ಸರ್ಕಾರಿ ಸೀಟು ಸಿಕ್ಕಿತು.

ಮನೆಯಲ್ಲಿ ರಿಪೀಟರ್ ಮಕ್ಕಳಿರುವ ತಾಯಂದಿರಲ್ಲಿ ಒಂದು ವಿನಂತಿ: ಟೆಸ್ಟ್ ನಡುವೆ ಚಹಾ, ಮಜ್ಜಿಗೆ ಒಯ್ದು ಕೊಡಬೇಡಿ. ಸೆಂಟರ್‌ನಲ್ಲಿ ಯಾರೂ ಕೊಡುವುದಿಲ್ಲ.