ಕಣ್ಣು ಪಳಗಿದರೆ ಕೈ ತಾನಾಗಿ ಪಳಗುತ್ತದೆ

ಪ್ರಶ್ನೆ: ಆನ್‌ಲೈನ್ ತರಗತಿಯಲ್ಲಿ ಭಾರತೀಯ ಸನ್ನೆ ಭಾಷೆ ಕಲಿಯುತ್ತಿದ್ದೇನೆ. ಅಕ್ಷರ, ಬಣ್ಣ, ವಾರಗಳು, ನೆಂಟರಿಷ್ಟರ ಸನ್ನೆಗಳೆಲ್ಲ ಬರುತ್ತವೆ. ಆದರೆ ಬಸ್ ನಿಲ್ದಾಣದಲ್ಲಿ ಇಬ್ಬರು ಕಿವುಡ ಹುಡುಗಿಯರು ಮಾತಾಡಿಕೊಳ್ಳುತ್ತಿದ್ದಾಗ ನನಗೆ ಏನೂ ತಿಳಿಯಲಿಲ್ಲ. ಅವರ ಬಳಗದ ಪರಿಚಯ ಮಾಡಿಕೊಳ್ಳುವುದು ಹೇಗೆ? ನಮ್ಮಂಥವರು ಹೋದರೆ ಅವರಿಗೆ ಬೇಸರವಾಗುತ್ತದೆಯೇ?
– ಬಿ.ಕಾಂ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಕಲಿಯಲು ಬಂದವರನ್ನು ಕಂಡರೆ ಕಿವುಡ ಬಳಗಕ್ಕೆ ಬೇಸರವಿಲ್ಲ. ಉದ್ಧಾರ ಮಾಡಲು ಬಂದವರನ್ನು ಕಂಡರೆ ಉಂಟು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳ ಶಾಲೆಯಲ್ಲಿ ಸನ್ನೆ ಬೇಡ, ತುಟಿ ನೋಡಿ ತಿಳಿದು ಬಾಯಲ್ಲೇ ಮಾತಾಡುವುದನ್ನು ಕಲಿಸಬೇಕು ಎಂದು ನಿರ್ಣಯಿಸಿತು. ಹಾಗೆ ನಿರ್ಣಯಿಸಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಆ ಗಾಳಿ ನಮ್ಮ ದೇಶದ ಶಾಲೆಗಳಿಗೂ ಬೀಸಿತು. ಮಕ್ಕಳು ಮೇಷ್ಟ್ರ ಕಣ್ಣು ತಪ್ಪಿಸಿ ಹಾಸ್ಟೆಲಿನಲ್ಲಿ, ಆಟದ ಮೈದಾನದಲ್ಲಿ ಸನ್ನೆ ಮಾಡಿಕೊಂಡರು. ಭಾಷೆ ಉಳಿದದ್ದು ಹಾಗೆ.

ಇನ್ನೊಂದು ಸಂಗತಿ. ಕಿವುಡರಾಗಿ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ತಂದೆತಾಯಿಗೆ ಕಿವಿ ಕೇಳುತ್ತದೆ. ನಮಗೆ ಭಾಷೆ ಅಮ್ಮನ ಮಡಿಲಲ್ಲಿ ಸಿಕ್ಕರೆ ಅವರಲ್ಲಿ ಬಹಳ ಜನರಿಗೆ ಅದು ಸಿಗುವುದು ಸಹಪಾಠಿಗಳಿಂದ, ಹಿರಿಯ ಕಿವುಡರಿಂದ, ಊರಿನ ಕಿವುಡರ ಸಂಘದಿಂದ. ಹಾಗಾಗಿ ಸಂಘದ ಬಾಗಿಲು ತಟ್ಟುವಾಗ ಅದು ಅವರಿಗೆ ಮನೆಗೆ ಸಮ ಎಂಬುದು ನೆನಪಿರಲಿ. ಅಲ್ಲಿ ನೀವು ಎಲ್ಲರಿಗಿಂತ ಕಿರಿಯರು.

ಬಸ್ ನಿಲ್ದಾಣದಲ್ಲಿ ತಿಳಿಯದೆ ಹೋದದ್ದಕ್ಕೆ ಕೊರಗಬೇಡಿ. ಬಿಡಿ ಸನ್ನೆ ಕಲಿತವರಿಗೆಲ್ಲ ಆಗುವುದು ಅದೇ. ಪಾಠದ ವಿಡಿಯೊದಲ್ಲಿ ಸನ್ನೆ ಒಂದೊಂದಾಗಿ, ನಿಧಾನವಾಗಿ ಬರುತ್ತದೆ. ಮಾತುಕತೆಯಲ್ಲಿ ಮುಖ, ಹುಬ್ಬು, ಭುಜ, ಎದುರಿನ ಖಾಲಿ ಜಾಗ ಎಲ್ಲವೂ ವ್ಯಾಕರಣದ ಕೆಲಸ ಮಾಡುತ್ತವೆ. ಹೌದು-ಇಲ್ಲ ಎಂಬ ಉತ್ತರ ಬೇಕಾದಾಗ ಹುಬ್ಬು ಏರಿದರೆ ಹೇಳಿಕೆಯೇ ಪ್ರಶ್ನೆಯಾಗುತ್ತದೆ. ಏನು, ಎಲ್ಲಿ, ಯಾರು ಎಂಬ ಸನ್ನೆಗಳು ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ ಬರುತ್ತವೆ. ‘ಕೊಡು’ ಎಂಬ ಸನ್ನೆ ನಿಮ್ಮಿಂದ ನನ್ನತ್ತ ಸರಿದರೆ ನೀವು ಕೊಟ್ಟಿರಿ, ದಿಕ್ಕು ಬದಲಾದರೆ ನಾನು ಕೊಟ್ಟೆ. ಆಗ ಅಲ್ಲಿಲ್ಲದ ಅಣ್ಣನನ್ನು ಗಾಳಿಯಲ್ಲಿ ಒಂದು ಕಡೆ ಕೂರಿಸಿದರೆ, ಮುಂದೆ ಆ ಜಾಗಕ್ಕೆ ಬೆರಳು ತೋರಿಸಿದರೆ ಸಾಕು. ಕೈಯನ್ನೇ ನೋಡುತ್ತಿದ್ದರೆ ಇದರಲ್ಲಿ ಅರ್ಧ ತಪ್ಪಿಹೋಗುತ್ತದೆ. ಬಲ್ಲವರು ಮುಖ ನೋಡುತ್ತಾರೆ, ಕೈ ಕಣ್ಣಂಚಿನಲ್ಲೇ ಕಾಣುತ್ತಿರುತ್ತದೆ. ನೀವು ಮೊದಲು ಪಳಗಿಸಬೇಕಾದದ್ದು ಈ ನೋಟವನ್ನು.

ಊರಿಂದ ಊರಿಗೆ ಸನ್ನೆಯೂ ಬದಲಾಗುತ್ತದೆ. ಸ್ವತಃ ಕಿವುಡರಾದ ಮದನ್ ವಸಿಷ್ಠ ತಮ್ಮ ಸಂಗಡಿಗರೊಂದಿಗೆ ದೆಹಲಿ, ಕೋಲ್ಕತ್ತ, ಮುಂಬೈ, ಬೆಂಗಳೂರಿನ ಸನ್ನೆಗಳನ್ನು ಹೋಲಿಸಿ ನೋಡಿದ್ದರು. ಬಹುಪಾಲು ಸಮಾನವಾಗಿದ್ದರೂ ಒಂದಿಷ್ಟು ಬೇರೆಯಾಗಿದ್ದವು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ರ ಹೊತ್ತಿಗೆ 10,000ಕ್ಕೆ ಬೆಳೆಯಿತು. ಅಭ್ಯಾಸಕ್ಕೆ ಅದನ್ನು ಬಳಸಿ. ಆದರೆ ನಿಮ್ಮೂರಿನವರು ಬೇರೆ ಸನ್ನೆ ಮಾಡಿದರೆ ಅದನ್ನೇ ಕಲಿಯಿರಿ. ನಿಘಂಟು ತೋರಿಸಿ ತಿದ್ದಲು ಹೋಗಬೇಡಿ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಂತೂ ತಲೆಮಾರುಗಳಿಂದ ಕಿವುಡರ ಸಂಖ್ಯೆ ಹೆಚ್ಚಿದ್ದು, ಅಲ್ಲೇ ಹುಟ್ಟಿ ಬೆಳೆದ ಪ್ರತ್ಯೇಕ ಸನ್ನೆ ಭಾಷೆಯೊಂದಿದೆ. ಸಂಶೋಧಕ ಸಿಬಾಜಿ ಪಂಡಾ ಅದನ್ನು ದಾಖಲಿಸಿದ್ದಾರೆ.

ಬಳಗಕ್ಕೆ ದಾರಿ ಯಾವುದು? ಮೊದಲು ಕಿವುಡ ಶಿಕ್ಷಕರನ್ನು ಹುಡುಕಿ. ಸನ್ನೆ ಭಾಷೆ ಕಲಿಸಲೆಂದೇ ಡಿಪ್ಲೊಮಾ ಪಡೆದ ಕಿವುಡರು ಈಗ ಸಿಗುತ್ತಾರೆ. ಅವರ ಜೊತೆಗೇ ಅವರ ಗೆಳೆಯರ ಪರಿಚಯವೂ ಆಗುತ್ತದೆ. ಕಿವುಡರ ಸಂಘದ ಸಭೆ, ಕ್ರೀಡಾಕೂಟಗಳಿಗೆ ಕೇಳಿಕೊಂಡು ಹೋಗಿ. ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಆ ಆಸುಪಾಸಿನಲ್ಲಿ ಅನೇಕ ಕಡೆ ಎಲ್ಲರೂ ಬರಬಹುದಾದ ಕಾರ್ಯಕ್ರಮಗಳು ನಡೆಯುತ್ತವೆ. ಬಸ್ಸಿನಲ್ಲಿ ಕಂಡ ಅಪರಿಚಿತರ ಮೇಲೆ ಅಭ್ಯಾಸ ಮಾಡುವುದು ಬೇಡ, ಅವರಿಗೂ ಮನೆಗೆ ಹೋಗುವ ಅವಸರ ಇರುತ್ತದೆ.

ಹೋದಮೇಲೆ ಕೆಲವು ರೀತಿನೀತಿ. ಗಮನ ಸೆಳೆಯಲು ಕೈ ಬೀಸಿ, ಇಲ್ಲವೇ ಭುಜವನ್ನು ಮೆಲ್ಲಗೆ ತಟ್ಟಿ. ಚಪ್ಪಾಳೆಯೆಂದರೆ ಎರಡೂ ಕೈ ಮೇಲೆತ್ತಿ ಆಡಿಸುವುದು. ಇಬ್ಬರು ಮಾತಾಡುತ್ತಿರುವಾಗ ನಡುವೆ ದಾಟಬೇಕಾದರೆ ಸರಕ್ಕನೆ ದಾಟಿಬಿಡಿ; ಕ್ಷಮೆ ಕೇಳುತ್ತ ನಿಂತರೆ ಅವರ ಮಾತಿಗೇ ಅಡ್ಡ. ಜೊತೆಗೆ ಬಂದ ಗೆಳತಿಯೊಡನೆ ಅವರೆದುರು ಬಾಯಲ್ಲಿ ಮಾತಾಡುತ್ತ ಕೂರಬೇಡಿ. ಅವರಿಗೆ ಅದು ಪಿಸುಗುಟ್ಟಿದ ಹಾಗೆಯೇ. ಅರ್ಥವಾಗದಿದ್ದರೆ ತಲೆಯಾಡಿಸದೆ ‘ಇನ್ನೊಮ್ಮೆ’ ಎನ್ನಿ. ‘ದಪ್ಪಗಾಗಿದ್ದೀಯ’ ಎಂದು ಯಾರಾದರೂ ನೇರವಾಗಿ ಹೇಳಿದರೆ ಮುನಿಸಿಕೊಳ್ಳಬೇಡಿ, ಕಂಡದ್ದನ್ನು ಹೇಳುವುದು ಅಲ್ಲಿನ ರೂಢಿ. ನಿಮಗೊಂದು ಸನ್ನೆ-ಹೆಸರನ್ನು ನೀವೇ ಇಟ್ಟುಕೊಳ್ಳಬೇಡಿ. ಗುಂಗುರು ಕೂದಲೋ ಗಲ್ಲದ ಮಚ್ಚೆಯೋ ಏನನ್ನೋ ಗುರುತಿಸಿ ಅವರೇ ಇಡುತ್ತಾರೆ.

ಒಂದು ಎಚ್ಚರ. ನಾಲ್ಕು ಸನ್ನೆ ಬರುತ್ತಿದ್ದಂತೆ ಆಸ್ಪತ್ರೆಗೆ, ಪೊಲೀಸ್ ಠಾಣೆಗೆ ದುಭಾಷಿಯಾಗಿ ಬಾ ಎಂದು ಕರೆಯುವವರು ಇರುತ್ತಾರೆ. ಒಪ್ಪಬೇಡಿ, ಔಷಧಿಯ ಪ್ರಮಾಣವೋ ಹೇಳಿಕೆಯೋ ತಪ್ಪಾದರೆ ಅನುಭವಿಸುವವರು ಆ ಕಿವುಡರು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ, 2024ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ಹಾಜರಾದರು. ಅಂಥ ದುಭಾಷಿಯ ಕೆಲಸಕ್ಕೆ ಬೇರೆಯೇ ತರಬೇತಿ ಇದೆ. ಮನಸ್ಸಿದ್ದರೆ ಮುಂದೊಂದು ದಿನ ನೀವೂ ಆ ತರಬೇತಿ ಪಡೆಯಬಹುದು. ಸದ್ಯಕ್ಕೆ ಸಂಘದ ಸಭೆಯಲ್ಲಿ ಕುರ್ಚಿ ಜೋಡಿಸಿ, ಅವರೊಟ್ಟಿಗೆ ಚಹಾ ಕುಡಿದು, ಅವರ ಹರಟೆ ನೋಡುತ್ತ ಕೂತುಕೊಳ್ಳಿ. ಅಲ್ಲಿ ನಡೆಯುವ ಜೋಕಿಗೆ ಯಾರೂ ವಿವರಿಸದೆಯೇ ನಗು ಬಂತೆಂದರೆ ನಿಮ್ಮ ಕಲಿಕೆ ದಾರಿಗೆ ಬಿದ್ದಿದೆ ಎಂದು ತಿಳಿಯಿರಿ.