ಕಾಡಿನ ಹೊಗೆ ಬಂದಾಗ ಹಿತ್ತಲ ಕೋಳಿಗಳ ರಕ್ಷಣೆ

ಮಹಿಳಾ ಹಾಲು ಉತ್ಪಾದಕರಿಗೆ ಈ ತಿಂಗಳ ಪಾಠ



ಶಿವರಾತ್ರಿ ಬಂದರೆ ಚಳಿ ‘ಶಿವ ಶಿವ’ ಎಂದು ಹೊರಟು ಹೋಗುತ್ತದೆ ಎನ್ನುತ್ತಾರೆ ಹಿರಿಯರು. ಕಾಡಂಚಿನ ಊರುಗಳಲ್ಲಿ ಚಳಿ ಹೋದ ಮೇಲೆ ಹೊಗೆಯ ಕಾಲ ಶುರುವಾಗುತ್ತದೆ. ಫೆಬ್ರವರಿಯಿಂದ ಒಳ್ಳೆಯ ಮಳೆ ಬೀಳುವ ತನಕ ಎಲೆ ಉದುರಿದ ಕಾಡು, ಒಣಗಿದ ಹುಲ್ಲು, ಲಂಟಾನ ಪೊದೆ ಇವೆಲ್ಲ ಒಂದು ಕಿಡಿ ಬಿದ್ದರೆ ಹತ್ತಿಕೊಳ್ಳುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ದಿನಗಟ್ಟಲೆ ಉರಿದದ್ದು, ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದದ್ದು ನಿಮಗೆ ನೆನಪಿರಬಹುದು. ಬೆಂಕಿ ಕಾಡಿನೊಳಗೇ ಉಳಿದರೂ ಹೊಗೆ ಉಳಿಯುವುದಿಲ್ಲ. ಗಾಳಿ ತಿರುಗಿದರೆ ಸಾಕು, ದೂರದ ಊರಿನ ಕೊಟ್ಟಿಗೆಗೂ ಹಿತ್ತಲಿಗೂ ಬರುತ್ತದೆ.

ನಮ್ಮಲ್ಲಿ ಬಹಳ ಮನೆಗಳಲ್ಲಿ ಎರಡು ಹಸುವಿನ ಜೊತೆಗೆ ಎಂಟೋ ಹತ್ತೋ ಕೋಳಿಗಳಿರುತ್ತವೆ. ಹಾಲಿನ ಬಟವಾಡೆ ಮನೆಯ ಸಾಲ, ಹಿಂಡಿ, ಶಾಲೆಯ ಖರ್ಚಿಗೆ ಹೋಗುತ್ತದೆ. ಮೊಟ್ಟೆಯ ದುಡ್ಡು ಮಾತ್ರ ಯಾರನ್ನೂ ಕೇಳದೆ ನಾವು ಖರ್ಚು ಮಾಡುವ ದುಡ್ಡು. ಆದ್ದರಿಂದ ಹೊಗೆಯ ದಿನಗಳಲ್ಲಿ ಕೋಳಿಗಳನ್ನು ಹೇಗೆ ಒಳಗಿಟ್ಟು ಕಾಪಾಡಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಕೋಳಿಗೆ ಹೊಗೆ ಏಕೆ ಹೆಚ್ಚು ಅಪಾಯ?

ಕೋಳಿಯ ಉಸಿರಾಟ ನಮ್ಮಂತಲ್ಲ, ಹಸುವಿನಂತೆಯೂ ಅಲ್ಲ. ಅದಕ್ಕೆ ಶ್ವಾಸಕೋಶದ ಜೊತೆಗೆ ಒಂಬತ್ತು ಗಾಳಿಚೀಲಗಳಿವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಅದರ ಶ್ವಾಸಕೋಶದಲ್ಲಿ ಹೊಸ ಗಾಳಿ ಹರಿಯುತ್ತಲೇ ಇರುತ್ತದೆ. ಹಾರುವ ಜೀವಿಗೆ ಇದು ದೊಡ್ಡ ಅನುಕೂಲ. ಆದರೆ ಗಾಳಿಯಲ್ಲಿ ವಿಷವಿದ್ದರೆ ಅದೂ ಅಷ್ಟೇ ಬೇಗ ಒಳಗೆ ಸೇರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ಪತ್ತೆಗೆ 1986ರವರೆಗೂ ಕ್ಯಾನರಿ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಮನುಷ್ಯನಿಗೆ ತಿಳಿಯುವ ಮೊದಲೇ ಹಕ್ಕಿ ನರಳುತ್ತಿತ್ತು.

ಕಟ್ಟಿಗೆ ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಇವು ಉಸಿರಿನ ನಾಳದ ಒಳಪದರವನ್ನು ಕೆರಳಿಸುತ್ತವೆ. ಆ ಪದರವೇ ರೋಗಾಣುಗಳನ್ನು ಹೊರಗೆ ತಳ್ಳುವ ಕಾವಲುಗಾರ. ಅದು ದುರ್ಬಲವಾದರೆ ಹೊಗೆ ಹೋದ ಮೇಲೂ ಕೋಳಿಗೆ ನೆಗಡಿ, ಗೊರಗೊರ ಉಸಿರು ಶುರುವಾಗಬಹುದು.

ಬಾಗಿಲು ಮುಚ್ಚುವುದೇ ಪರಿಹಾರವಲ್ಲ

ಹೊಗೆ ಕಂಡ ಕೂಡಲೇ ಕೋಳಿಗಳನ್ನು ಕೋಣೆಗೆ ತಳ್ಳಿ, ಸಂದುಗೊಂದೆಲ್ಲ ಮುಚ್ಚಿಬಿಡೋಣ ಎನಿಸುತ್ತದೆ. ಕಾಡಂಚಿನ ಊರಿನ ಸದಸ್ಯೆಯೊಬ್ಬರು ಹಾಗೆಯೇ ಮಾಡಿದ್ದರು. ಹತ್ತು ಕೋಳಿಗಳನ್ನು ತಗಡಿನ ಕೋಣೆಯಲ್ಲಿ ಕೂಡಿ, ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿ, ಮೇವಿಗೆ ಹೋದರು. ಸಂಜೆ ಹಾಲು ಹಾಕಿ ಬಂದು ನೋಡಿದರೆ ನಾಲ್ಕು ಸತ್ತಿದ್ದವು. “ಒಳಗೆ ಹೊಗೆಯ ವಾಸನೆಯೇ ಇರಲಿಲ್ಲ ಮೇಡಂ, ಮತ್ತೆ ಹೇಗೆ ಸತ್ತವು?” ಎಂದು ಕೇಳಿದರು. ಆ ಕೋಳಿಗಳು ಸತ್ತದ್ದು ಸೆಕೆಯಿಂದ.

ಕೋಳಿಗೆ ಬೆವರುವುದು ಗೊತ್ತಿಲ್ಲ. ಅದರ ಮೈಯ ಕಾವು ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಸೆಕೆಯಾದರೆ ಬಾಯಿ ತೆರೆದು ತೇಗಿ ಮೈ ತಂಪು ಮಾಡಿಕೊಳ್ಳುತ್ತದೆ. ಗಾಳಿಯಾಡದ ಕೋಣೆಯಲ್ಲಿ ಹಾಗೆ ತೇಗಿದರೂ ಪ್ರಯೋಜನವಿಲ್ಲ. ಹೊಗೆಯ ಕಾಲವೂ ಬೇಸಿಗೆಯೂ ಒಟ್ಟಿಗೇ ಬರುವುದರಿಂದ ನಾವು ಎರಡು ಶತ್ರುಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕು. ಈ ಪಾಠದ ಮುಖ್ಯ ಮಾತು ಇದೇ: ಹೊಗೆ ದಟ್ಟವಾಗಿರುವಾಗ ಮುಚ್ಚಿ, ತೆಳುವಾದಾಗ ತೆರೆಯಿರಿ, ದಿನವಿಡೀ ಮುಚ್ಚಿಡಬೇಡಿ.

ಈಗಲೇ ಮಾಡಿಕೊಳ್ಳಬೇಕಾದ ತಯಾರಿ

1. ಜಾಗ ಆರಿಸಿ. ದೊಡ್ಡ ಕೋಳಿ ಒಂದಕ್ಕೆ ಕನಿಷ್ಠ 2 ಚದರ ಅಡಿ ಬೇಕು. ಹತ್ತು ಕೋಳಿಗೆ 5 ಅಡಿ ಉದ್ದ, 4 ಅಡಿ ಅಗಲ. ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ನೆರಳಿರುವ, ಎದುರುಬದುರು ಕಿಟಕಿ ಅಥವಾ ಬಾಗಿಲಿರುವ ಕೋಣೆ ಸರಿ. ಗೊಬ್ಬರ, ಕೀಟನಾಶಕ, ಔಷಧಿ ಲೇಪಿಸಿದ ಬಿತ್ತನೆ ಬೀಜ ಇರುವ ಕೋಣೆ ಬೇಡವೇ ಬೇಡ.

2. ಅಡುಗೆಮನೆಯಲ್ಲಿ ಕೂಡಬೇಡಿ. ಸೌದೆ ಒಲೆಯ ಹೊಗೆಯೂ ಹೊಗೆಯೇ. ಅಂಟದ ಲೇಪನವಿರುವ ಬಾಣಲೆ ಖಾಲಿಯಾಗಿ ಅತಿಯಾಗಿ ಕಾದರೆ ಬರುವ ಆವಿ ಹಕ್ಕಿಗಳನ್ನು ಕೊಲ್ಲುವಷ್ಟು ವಿಷ. ಮಕ್ಕಳು ಮಲಗುವ ಕೋಣೆಯೂ ಬೇಡ. ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

3. ತಗಡಿನ ಸೂರಾದರೆ ಮೇಲೆ ತೆಂಗಿನ ಗರಿ ಅಥವಾ ಒಣ ಹುಲ್ಲಿನ ಬದಲು ಹಸಿ ಸೊಪ್ಪು, ಒದ್ದೆ ಗೋಣಿತಾಟು ಹಾಸಿ. ಕಾಡಿನಿಂದ ಕಿಡಿ ಹಾರಿ ಬರುವ ಊರುಗಳಲ್ಲಿ ಒಣ ಗರಿಯೇ ಅಪಾಯ.

4. ನೆಲಕ್ಕೆ ಎರಡು ಮೂರು ಅಂಗುಲ ಕಡಲೆಕಾಯಿ ಸಿಪ್ಪೆ ಅಥವಾ ಭತ್ತದ ಹೊಟ್ಟು ಹರಡಿ. ಪುಡಿ ಹಾರುವ ಮರದ ಹುಡಿ ಬೇಡ.

5. ಎರಡು ಅಗಲವಾದ ನೀರಿನ ಪಾತ್ರೆ, ಕಿಟಕಿಗೆ ಕಟ್ಟಲು ಹಳೆಯ ಹತ್ತಿ ಸೀರೆ, ಕೋಳಿ ಸಾಗಿಸಲು ಮುಚ್ಚಳವಿರುವ ಬಿದಿರಿನ ಮಂಕರಿ ಎತ್ತಿಡಿ.

ಹೊಗೆಯ ದಿನದ ದಿನಚರಿ

ಹೊಗೆ ಎಷ್ಟಿದೆ ಎಂದು ತಿಳಿಯಲು ಯಂತ್ರ ಬೇಕಿಲ್ಲ. ನಿಮ್ಮ ಮನೆಯಿಂದ ದಿನಾ ಕಾಣುವ ಗುಡ್ಡ, ದೇವಸ್ಥಾನದ ಗೋಪುರ, ನೀರಿನ ಟ್ಯಾಂಕ್ ಹೀಗೆ ಒಂದು ಗುರುತು ಇಟ್ಟುಕೊಳ್ಳಿ. ಅದು ಮಸುಕಾದರೆ ಕೋಳಿಗಳನ್ನು ಅಡ್ಡಾಡಲು ಬಿಡಬೇಡಿ. ಅದು ಕಾಣದೇ ಹೋದರೆ, ಕಣ್ಣು ಉರಿದರೆ, ಕೋಣೆಗೆ ಸೇರಿಸಿ.

ಬೆಳಗಿನ ಜಾವ: ರಾತ್ರಿ ತಂಪಿಗೆ ಹೊಗೆ ಮೇಲೇರದೆ ತಗ್ಗಿನಲ್ಲಿ ನಿಲ್ಲುತ್ತದೆ. ಹಾಲು ಕರೆಯುವ ಹೊತ್ತಿಗೆ ಅದು ದಟ್ಟವಾಗಿರುವುದು ಹೆಚ್ಚು. ಅಭ್ಯಾಸದಂತೆ ಕೋಳಿಗೂಡಿನ ಬಾಗಿಲು ತೆಗೆಯಬೇಡಿ. ಈ ಹೊತ್ತು ತಂಪಿರುವುದರಿಂದ ಮುಚ್ಚಿಟ್ಟರೂ ತೊಂದರೆಯಿಲ್ಲ. ಆಹಾರವನ್ನು ಈಗಲೇ ಕೊಡಿ.

ಬಿಸಿಲೇರಿದ ಮೇಲೆ: ನೆಲ ಕಾದು ಗಾಳಿ ಬೀಸಿದರೆ ಸಾಮಾನ್ಯವಾಗಿ ಹೊಗೆ ಮೇಲೇರಿ ತೆಳುವಾಗುತ್ತದೆ. ನಿಮ್ಮ ಗುರುತು ಮತ್ತೆ ಕಾಣಿಸಿದರೆ, ಹೊಗೆ ಬರುವ ದಿಕ್ಕಿಗೆ ಬೆನ್ನಾಗಿರುವ ಕಿಟಕಿ ತೆರೆಯಿರಿ. ಅದಕ್ಕೆ ಒದ್ದೆ ಸೀರೆ ಕಟ್ಟಬಹುದು. ಅದು ಹಾರುವ ಬೂದಿಯನ್ನು ತಡೆಯುತ್ತದೆ, ಗಾಳಿಯನ್ನು ತಂಪು ಮಾಡುತ್ತದೆ. ಆದರೆ ಸಣ್ಣ ಕಣಗಳನ್ನು ತಡೆಯಲಾರದು. ಬಟ್ಟೆ ಕಟ್ಟಿದ್ದೇವೆಂದು ದಟ್ಟ ಹೊಗೆಗೆ ಕಿಟಕಿ ತೆರೆದಿಡಬೇಡಿ.

ಹೊಗೆ ಇಳಿಯದೆ ಸೆಕೆಯೂ ಏರಿದರೆ: ಕೋಳಿ ಮೊದಲು ಸಾಯುವುದು ಸೆಕೆಯಿಂದ. ಆಗ ಇನ್ನೂ ತಂಪಾದ ಕೋಣೆಗೆ ಬದಲಿಸಿ, ಫ್ಯಾನ್ ಇದ್ದರೆ ಹಾಕಿ. ಹೊರಗಿನ ಹೊಗೆಯನ್ನು ಒಳಗೆ ಎಳೆಯದಂತೆ ಫ್ಯಾನನ್ನು ಕೋಣೆಯ ಒಳಗೇ ತಿರುಗಿಸಿ. ಮೈ ಭಾರದ ಗಿರಿರಾಜದಂತಹ ಕೋಳಿಗಳನ್ನು ಮೊದಲು ನೋಡಿ; ಹಗುರ ಮೈಯ ನಾಟಿ ಕೋಳಿಗಿಂತ ಅವಕ್ಕೆ ಸೆಕೆ ಹೆಚ್ಚು ತಟ್ಟುತ್ತದೆ.

ಸಂಜೆ: ಕತ್ತಲಾಗುವ ಮೊದಲೇ ಮತ್ತೆ ಮುಚ್ಚಿ. ಇಲ್ಲೊಂದು ಮುಖ್ಯ ಸಂಗತಿ. ನೊಣ, ಸೊಳ್ಳೆ ಕಾಟಕ್ಕೆಂದು ಸಂಜೆ ಕೊಟ್ಟಿಗೆಯಲ್ಲಿ ನಾವು ಹೊಗೆ ಹಾಕುತ್ತೇವೆ. ಬಿಸಿ ಹೊಗೆ ಮೇಲಕ್ಕೇರಿ ಸೂರಿನಡಿ ತುಂಬುತ್ತದೆ. ಕೊಟ್ಟಿಗೆಯ ಜಂತಿಯ ಮೇಲೆ ಮಲಗುವ ಕೋಳಿಗಳು ಅದೇ ಹೊಗೆಯಲ್ಲಿ ರಾತ್ರಿ ಕಳೆಯುತ್ತವೆ. ಕಾಡಿನ ಹೊಗೆ ಇರುವ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಹೊಗೆ ಹಾಕಲೇಬೇಡಿ. ಇದು ರಾಸುಗಳಿಗೂ ಒಳ್ಳೆಯದು. ಸೊಳ್ಳೆ ಬತ್ತಿ, ಸಾಂಬ್ರಾಣಿ ಕೂಡ ಕೋಳಿ ಇರುವ ಕೋಣೆಗೆ ಬೇಡ.

ನೀರು, ಆಹಾರ, ಸ್ವಚ್ಛತೆ

ಒಂದು ಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇದು ಎರಡರಷ್ಟಾಗಬಹುದು. ಹತ್ತು ಕೋಳಿಗೆ 5 ಲೀಟರ್ ಎಂದು ಲೆಕ್ಕ ಹಾಕಿ, ದಿನಕ್ಕೆ ಮೂರು ಬಾರಿ ತಣ್ಣನೆ ನೀರು ಬದಲಿಸಿ. ಉಪ್ಪು ಬೆರೆಸಬೇಡಿ, ಕೋಳಿಗೆ ಹೆಚ್ಚು ಉಪ್ಪು ವಿಷ.

ಪುಡಿ ಆಹಾರದ ದೂಳೂ ಉಸಿರಿಗೆ ತೊಂದರೆ. ಸ್ವಲ್ಪ ನೀರು ಚಿಮುಕಿಸಿ ಕಲಸಿ, ಒಂದು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಇಡಿ. ಉಳಿದದ್ದು ಬೂಸ್ಟು ಹಿಡಿಯುತ್ತದೆ, ತೆಗೆದುಬಿಡಿ. ಕೂಡಿಟ್ಟ ಕೋಳಿಗಳು ಬೇಸರಕ್ಕೆ ಒಂದನ್ನೊಂದು ಕುಕ್ಕುತ್ತವೆ. ನುಗ್ಗೆ ಸೊಪ್ಪಿನ ಕಟ್ಟನ್ನು ಕತ್ತಿನ ಎತ್ತರಕ್ಕೆ ನೇತುಹಾಕಿ. ಬೆಳಕು ಮಂದವಾಗಿದ್ದರೆ ಶಾಂತವಾಗಿರುತ್ತವೆ.

ಹಿಕ್ಕೆಯನ್ನು ದಿನಾ ತೆಗೆಯಿರಿ. ಮುಚ್ಚಿದ ಕೋಣೆಯಲ್ಲಿ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ, ಅದೂ ಹೊಗೆಯಷ್ಟೇ ಉರಿ. ನಿಂತು ಮೂಸಿದರೆ ತಿಳಿಯದು. ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆಯಿರಿ. ನಿಮ್ಮ ಕಣ್ಣು ಉರಿದರೆ ಅದರ ಕಣ್ಣೂ ಉರಿಯುತ್ತಿದೆ. ಕೋಳಿಗಳು ಒಳಗಿರುವಾಗ ಒಣ ಕಸ ಗುಡಿಸಬೇಡಿ.

ಕಾವು ಕೂತ ಕೋಳಿ ಮತ್ತು ಮರಿಗಳು

ಕಾವಿಗೆ ಕೂತ ಕೋಳಿಯನ್ನು ಹಗಲಲ್ಲಿ ಎಬ್ಬಿಸಿದರೆ ಮೊಟ್ಟೆ ಬಿಟ್ಟುಹೋಗಬಹುದು. ಕತ್ತಲಾದ ಮೇಲೆ ಬುಟ್ಟಿಯ ಸಮೇತ ಮೆಲ್ಲಗೆ ಒಯ್ಯಿರಿ. ಸಣ್ಣ ಮರಿಗಳಿಗೆ ಕಾವು ಬೇಕಾದರೆ ಬಲ್ಬ್ ಹಾಕಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಂಡಲಿ ಇಡಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ಮನುಷ್ಯರನ್ನೂ ಕೊಲ್ಲುತ್ತದೆ.

ಸೆಕೆಯೋ, ಹೊಗೆಯೋ? ಹೀಗೆ ಗುರುತಿಸಿ

ಬಿಸಿಲ ಹೊತ್ತಿನಲ್ಲಿ ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ತೇಗಿದರೆ ಸಾಮಾನ್ಯವಾಗಿ ಸೆಕೆ. ತಂಪು ಜಾಗ, ನೀರು ಸಿಕ್ಕರೆ ಸ್ವಲ್ಪ ಹೊತ್ತಿನಲ್ಲಿ ಸುಧಾರಿಸುತ್ತದೆ.

ತಂಪಿನ ಬೆಳಗಿನಲ್ಲೂ ಬಾಯಿ ತೆರೆದು ಕತ್ತು ಚಾಚಿ ಉಸಿರಾಡುವುದು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುವುದು, ಗೊರಗೊರ ಸದ್ದು, ಕಣ್ಣಲ್ಲಿ ನೀರು ಇವು ಉಸಿರಿನ ನಾಳಕ್ಕೆ ಪೆಟ್ಟಾದ ಲಕ್ಷಣಗಳು. ಜುಟ್ಟು ನೀಲಿ ತಿರುಗಿದರೆ ತುರ್ತು. ಪಶುವೈದ್ಯರಿಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಯಾರೋ ಹೇಳಿದ ಮಾತ್ರೆ ಹಾಕಬೇಡಿ.

ಒಮ್ಮೆಗೇ ಹಲವು ಕೋಳಿ ಸತ್ತರೆ ಹೊಗೆಯೇ ಕಾರಣ ಎಂದು ಸುಮ್ಮನಾಗಬೇಡಿ. ಕೊಕ್ಕರೆ ರೋಗ ಅಥವಾ ಹಕ್ಕಿಜ್ವರವೂ ಇರಬಹುದು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ತಿನ್ನಬೇಡಿ, ಮಾರಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಹೊಗೆ ಹೋದ ಮೇಲೆ

ಅಂಗಳಕ್ಕೆ ನೀರು ಚಿಮುಕಿಸಿ, ಬೂದಿಯನ್ನು ಗುಡಿಸಿ ತೆಗೆದ ಮೇಲೆ ಕೋಳಿ ಬಿಡಿ. ಪ್ಲಾಸ್ಟಿಕ್, ವೈರು, ಪೈಪು ಸುಟ್ಟ ಜಾಗದಲ್ಲಿ ಕೆದಕಲು ಬಿಡಬೇಡಿ. ಕನಿಷ್ಠ ಎರಡು ವಾರ ಓಡಿಸಿ ಹಿಡಿಯುವುದು, ಸಂತೆಗೆ ಸಾಗಿಸುವುದು, ಹೊಸ ಕೋಳಿ ತಂದು ಸೇರಿಸುವುದು ಬೇಡ. ಲಸಿಕೆಯ ದಿನ ಬಂದಿದ್ದರೆ ಪಶುವೈದ್ಯರನ್ನು ಕೇಳಿ ಹಾಕಿಸಿ. ಕೆಲವು ದಿನ ಮೊಟ್ಟೆ ಕಡಿಮೆಯಾದರೆ ಗಾಬರಿ ಬೇಡ.

ಬೆಂಕಿಯೇ ಹತ್ತಿರ ಬಂದರೆ

ಮೇಲಿನದೆಲ್ಲ ಹೊಗೆಗೆ ಮಾತ್ರ. ಬೆಂಕಿಯೇ ಬಂದರೆ ಯಾವ ಜೀವವನ್ನೂ ಕೂಡಿಹಾಕಿ ಹೋಗಬೇಡಿ. 112ಕ್ಕೆ ಕರೆ ಮಾಡಿ. ಮೊದಲು ಮಕ್ಕಳು, ವಯಸ್ಸಾದವರು. ನಂತರ ರಾಸುಗಳ ಹಗ್ಗ ಬಿಚ್ಚಿ. ಸಮಯವಿದ್ದರೆ ಕೋಳಿಗಳನ್ನು ಮಂಕರಿಗೆ ಹಾಕಿ, ಇಲ್ಲದಿದ್ದರೆ ಗೂಡಿನ ಬಾಗಿಲು ತೆರೆದುಬಿಡಿ. ಬಿಗಿ ಕಟ್ಟಿದ ಗೋಣಿಚೀಲದಲ್ಲಿ ತುಂಬಬೇಡಿ, ಉಸಿರುಕಟ್ಟುತ್ತದೆ.

ಕೊನೆಯದಾಗಿ, ನಿಮ್ಮ ಉಸಿರನ್ನೂ ನೋಡಿಕೊಳ್ಳಿ. ಸೆರಗು ಮುಚ್ಚಿಕೊಂಡರೆ ಹೊಗೆಯ ಸಣ್ಣ ಕಣ ನಿಲ್ಲುವುದಿಲ್ಲ. ಹೊರಗೆ ಹೋಗಲೇಬೇಕಾದರೆ ಎನ್–95 ಮಾಸ್ಕ್ ಹಾಕಿ. ಬಸುರಿಯರು, ದಮ್ಮು ಇರುವವರು ಆ ಹೊತ್ತಿನ ಹುಲ್ಲು ಕೊಯ್ಯುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಿ.

ಮುಂದಿನ ಸಂಘದ ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಮನೆಯಿಂದ ಹೊಗೆ ಅಳೆಯಲು ಯಾವ ಗುರುತು ಇಟ್ಟುಕೊಳ್ಳುವಿರಿ?
2. ಮಧ್ಯಾಹ್ನದ ಬಿಸಿಲಿನಲ್ಲಿ ನಿಮ್ಮ ಮನೆಯ ಯಾವ ಕೋಣೆ ಎಲ್ಲಕ್ಕಿಂತ ತಂಪು? ನೀವು ಮೇವಿಗೆ ಹೋದಾಗ ಅದರ ಕಿಟಕಿ ತೆರೆಯುವವರು ಯಾರು?
3. ನಿಮ್ಮ ಕೋಳಿಗಳು ರಾತ್ರಿ ಎಲ್ಲಿ ಮಲಗುತ್ತವೆ? ಅಲ್ಲಿಗೆ ಕೊಟ್ಟಿಗೆಯ ಹೊಗೆ ಹೋಗುತ್ತದೆಯೇ? ಇಂದು ಸಂಜೆಯೇ ಹೋಗಿ ನೋಡಿ.